ಮುಪ್ಪಿಗೆ ಮೊದಲು ಶುಶ್ರೂಷೆ: ದಯಾಮರಣದ ವಿಚಾರದಲ್ಲಿ ಒಂದು ವಿಜ್ಞಾಪನೆ



ವಾಸಿಯಾಗದ ವ್ಯಾಧಿಯಿಂದ ನರಳುತ್ತಿರುವ ವೃದ್ಧರೊಬ್ಬರು ‘ಇನ್ನು ನನ್ನನ್ನು ಕಳಿಸಿಕೊಡಿ’ ಎಂದು ಕೈಮುಗಿದರೆ ಮಕ್ಕಳಾದವರೂ ವೈದ್ಯರಾದವರೂ ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಇಂದು ನ್ಯಾಯಾಲಯಗಳಿಂದ ಹೊರಟು ನಮ್ಮ ಮನೆಗಳೊಳಕ್ಕೆ ಬಂದಿದೆ. ಈ ಪತ್ರದ ನಿಲುವನ್ನು ಮೊದಲೇ ನಿವೇದಿಸುತ್ತೇವೆ: ವ್ಯರ್ಥವಾದ ಯಂತ್ರೋಪಚಾರವನ್ನು ರೋಗಿಯ ಇಚ್ಛೆಯಂತೆ ನಿಲ್ಲಿಸುವುದು ಧರ್ಮಸಮ್ಮತವಾದುದು, ಮದ್ದು ಚುಚ್ಚಿ ಪ್ರಾಣ ತೆಗೆಯುವುದಕ್ಕೆ ಕಾನೂನು ಎಡೆಗೊಡಕೂಡದು, ನೋವನ್ನೂ ಒಂಟಿತನವನ್ನೂ ನೀಗದೆ ಮುದುಕರ ಮರಣೇಚ್ಛೆಯನ್ನು ಸ್ವೇಚ್ಛೆಯೆಂದು ಎಣಿಸುವುದು ಅನ್ಯಾಯ.

ಈ ವಿಷಯದಲ್ಲಿ ಮತಗಳ ಮಾತು ಬೇರೆ ಬೇರೆಯೆಂದು ತೋರುವುದುಂಟು. ಇಸ್ಲಾಮು ಪ್ರಾಣವನ್ನು ದೇವರು ಒಪ್ಪಿಸಿದ ಅಮಾನತ್ತೆಂದು ಭಾವಿಸಿ ಅದನ್ನು ಕಳೆಯುವ ಅಧಿಕಾರವನ್ನು ಮನುಷ್ಯನಿಗೆ ಕೊಡದು. ವೃದ್ಧ ಮಾತಾಪಿತೃಗಳೆದುರು ಬೇಸರದ ಉದ್ಗಾರವನ್ನು ಸಹ ನಿಷೇಧಿಸುವುದು. ಕ್ಯಾಥೊಲಿಕ್ ಧರ್ಮಸಭೆಯೂ ಪ್ರಾಣಹರಣವನ್ನು ಒಪ್ಪದು. ಆದರೆ 1957ರಲ್ಲಿ ಹನ್ನೆರಡನೆಯ ಪಯಸ್ ಪೋಪರು, ಅಸಾಧಾರಣ ಉಪಚಾರಗಳನ್ನು ಕೈಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲವೆಂದೂ, ಆಯುಸ್ಸು ಕೊಂಚ ಮೊಟಕಾದರೂ ನೋವಿಗೆ ಮದ್ದು ಕೊಡಬಹುದೆಂದೂ ವಿವರಿಸಿದರು. ಮರಣವನ್ನು ಕೊಂಡಾಡಿ ಅನ್ಯರನ್ನು ಸಾವಿಗೆ ಪ್ರೇರಿಸುವ ಭಿಕ್ಷುವಿಗೆ ಸಂಘದಲ್ಲಿ ಸ್ಥಾನವಿಲ್ಲವೆಂದ ಬುದ್ಧನು, ಮಲಮೂತ್ರದಲ್ಲಿ ಬಿದ್ದಿದ್ದ ರೋಗಿ ಭಿಕ್ಷುವನ್ನು ತನ್ನ ಕೈಯಿಂದಲೇ ತೊಳೆದನು. ವೈದಿಕ ಸಂಪ್ರದಾಯವು ಪ್ರಾಯೋಪವೇಶವನ್ನು ಬಲ್ಲುದು; ವಿನೋಬಾ ಭಾವೆಯವರು 1982ರ ನವೆಂಬರಿನಲ್ಲಿ ಪವನಾರದಲ್ಲಿ ಅನ್ನೌಷಧಗಳನ್ನು ತೊರೆದು ದೇಹವಿಟ್ಟರು.

ನಮ್ಮ ನಾಡಿಗೆ ಅತಿ ನಿಕಟವಾದ ನಿದರ್ಶನವೆಂದರೆ ಉಪವಾಸದಿಂದ ದೇಹ ಬಿಡುವ ಜೈನರ ವ್ರತವಾದ ಸಲ್ಲೇಖನ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ಈ ವ್ರತದಿಂದ ಮುಡಿಪಿದವರ ಶಾಸನಗಳು ಸಾಲುಸಾಲಾಗಿವೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಅಲ್ಲಿಯೇ ದೇಹತ್ಯಾಗ ಮಾಡಿದನು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಆತ್ಮಹತ್ಯೆಯೆಂದು ಗಣಿಸಲು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವ್ರತವನ್ನು ಸಂಕಲ್ಪಿಸುವವನು ಸಾಯುವವನೇ. ಗುರುವಿನ ಅನುಮತಿಯಿಲ್ಲದೆ ಅದು ಸಲ್ಲದು. ಜೀವನದಲ್ಲಿ ಬೇಸತ್ತವನಿಗೆ ಆ ಅನುಮತಿ ದೊರೆಯದು. ಕೊನೆಯ ಉಸಿರಿನವರೆಗೆ ನಿರ್ಯಾಪಕರೆಂಬ ಪರಿಚಾರಕರು ಎಡೆಬಿಡದೆ ಶುಶ್ರೂಷೆಗೆ ನಿಂತಿರಬೇಕು. ಇದಕ್ಕೆ ಪ್ರತಿಯಾಗಿ ತಮಿಳುನಾಡಿನ ವಿರುದುನಗರದ ಸೀಮೆಯಲ್ಲಿ ‘ತಲೈಕೂತಲ್’ ಎಂಬ ಪದ್ಧತಿಯುಂಟು: ಹಾಸಿಗೆ ಹಿಡಿದ ಮುದುಕರಿಗೆ ಎಣ್ಣೆ ಹೊಯ್ದು, ತಣ್ಣೀರೆರೆದು, ಎಳನೀರನ್ನು ಮೇಲಿಂದ ಮೇಲೆ ಕುಡಿಸಿ, ಜ್ವರದಿಂದಲೋ ಮೂತ್ರಪಿಂಡಗಳು ಸೋತೋ ಪ್ರಾಣ ಹೋಗುವಂತೆ ಮಾಡುವುದು. ಅದನ್ನು ನಡೆಸುವವರೂ ದಯೆಯ ಹೆಸರನ್ನೇ ಹೇಳುತ್ತಾರೆ. ಆದರೆ ಅಲ್ಲಿ ಸಂಕಲ್ಪ ಮನೆಯವರದು, ಸಾವು ಮುದುಕರದು. ಔಷಧದ ಖರ್ಚು, ಜಮೀನಿನ ಪಾಲು, ನೋಡಿಕೊಳ್ಳುವವರ ದಣಿವು ಇವೆಲ್ಲ ಸೇರಿ ಕಾರುಣ್ಯದ ವೇಷ ಧರಿಸುವುದು ಎಷ್ಟು ಸುಲಭವೆಂಬುದನ್ನು ಬಲ್ಲವರು, ಕೊಲ್ಲುವ ಮದ್ದಿಗೆ ಕಾನೂನಿನ ಮುದ್ರೆಯನ್ನು ಕೇಳಲಾರರು.

1928ರಲ್ಲಿ ಸಾಬರಮತಿಯ ಆಶ್ರಮದಲ್ಲಿ ನರಳುತ್ತಿದ್ದ ಕರುವಿಗೆ ಗಾಂಧೀಜಿಯವರೇ ವಿಷದ ಸೂಜಿ ಹಾಕಿಸಲಿಲ್ಲವೆ ಎಂದು ಕೇಳುವವರುಂಟು. ಹಾಕಿಸಿದರು, ಅದಕ್ಕಾಗಿ ದೇಶದಲ್ಲಿ ಅನೇಕರು ಅವರನ್ನು ನಿಂದಿಸಿದರು, ಅವರು ಹಿಂಜರಿಯಲಿಲ್ಲ. ಸೇವೆಯ ಬೇರೆ ದಾರಿಗಳೆಲ್ಲ ಮುಚ್ಚಿದ್ದುವೆಂಬುದೇ ಅವರ ಸಮರ್ಥನೆಯ ಆಧಾರ. ಇಂದಿನ ವೃದ್ಧ ರೋಗಿಯ ಪಾಲಿಗೆ ಆ ದಾರಿ ಮುಚ್ಚಿಲ್ಲ, ನಾವು ಅದರಲ್ಲಿ ನಡೆದಿಲ್ಲ ಅಷ್ಟೆ. ಅರ್ಬುದದ ನೋವನ್ನು ಬಹುಮಟ್ಟಿಗೆ ಅಡಗಿಸುವ ಮಾರ್ಫೀನನ್ನು ರೋಗಿಗಳಿಗೆ ದೊರಕಿಸುವುದು ಸುಗಮವಾಗಲೆಂದು 2014ರಲ್ಲಿ ಕಾನೂನನ್ನು ತಿದ್ದಿದ್ದಾಗಿದೆ. ನೆರೆಯ ಕೇರಳವು 2008ರಲ್ಲಿಯೇ ಉಪಶಾಮಕ ಶುಶ್ರೂಷೆಯ ನೀತಿಯನ್ನು ಸಾರಿ, ದಾದಿಯರನ್ನು ರೋಗಿಯ ಮನೆಗೇ ಕಳಿಸುತ್ತಿದೆ. ಬೆಂಗಳೂರಿನ ಕರುಣಾಶ್ರಯವು ಅಂತ್ಯಾವಸ್ಥೆಯ ಅರ್ಬುದರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ.

ಇನ್ನು ಕಾನೂನಿನ ಮಾತು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ ಘೋರ ಆಕ್ರಮಣಕ್ಕೆ ಗುರಿಯಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅರಿವಳಿದು ಮಲಗಿದ್ದರು. ಅವರಿಗೆ ದಯಾಮರಣವನ್ನು ಬೇಡಿದ ಅರ್ಜಿಯನ್ನು 2011ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ದಶಕಗಳ ಕಾಲ ಅವರನ್ನು ಮೀಯಿಸಿ ಉಣಿಸಿದ ಆಸ್ಪತ್ರೆಯ ಸಿಬ್ಬಂದಿ ಅವರು ಬದುಕಿರಲೆಂದು ಬಯಸಿದ್ದರು. ಆದರೆ ಅದೇ ತೀರ್ಪು, ಇನ್ನೊಬ್ಬರ ವಿಷಯದಲ್ಲಿ ಕೃತಕಾಧಾರವನ್ನು ಹಿಂತೆಗೆಯುವುದಕ್ಕೆ ಮೊದಲ ಬಾರಿಗೆ ದಾರಿಯನ್ನು ತೆರೆಯಿತು. 2018ರ ಮಾರ್ಚ್ 9ರಂದು ಅದೇ ನ್ಯಾಯಾಲಯದ ಸಂವಿಧಾನಪೀಠವು ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನಲ್ಲಿಯೇ ಅಡಕವೆಂದು ಸಾರಿತು; 2023ರ ಜನವರಿಯಲ್ಲಿ ಉಪಚಾರವನ್ನು ನಿಲ್ಲಿಸುವ ವಿಧಾನ ಸರಳವಾಯಿತು; 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಅದರ ಅನುಷ್ಠಾನಕ್ಕೆ ಆದೇಶ ಹೊರಡಿಸಿತು. ಸ್ವಸ್ಥಚಿತ್ತರಾದ ಯಾವ ವಯಸ್ಕರಾದರೂ, ಕೊನೆಗಾಲದಲ್ಲಿ ತಮಗೆ ಯಾವ ಉಪಚಾರ ಬೇಡವೆಂಬುದನ್ನು ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಸಮಯ ಬಂದಾಗ ಎರಡು ವೈದ್ಯಮಂಡಲಿಗಳು ಪರಿಶೀಲಿಸಿದ ಮೇಲೆಯೇ ಯಂತ್ರಗಳು ನಿಲ್ಲುವುವು.

ಆದುದರಿಂದ ನಮ್ಮ ಪ್ರಾರ್ಥನೆ ಇಷ್ಟು. ಸರ್ಕಾರವು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫೀನನ್ನೂ ಅದನ್ನು ಕೊಡಬಲ್ಲ ವೈದ್ಯರನ್ನೂ ಇರಿಸಲಿ, ಮನೆಗೆ ಬರುವ ದಾದಿಯರನ್ನು ನೇಮಿಸಲಿ. ಮಠ, ಮಸೀದಿ, ಇಗರ್ಜಿ, ಬಸದಿಗಳು ಉಪದೇಶದ ಜೊತೆಗೆ ಸರದಿಯ ಮೇಲೆ ರೋಗಿಯ ಬಳಿ ಕೂರುವ ಜನರನ್ನೂ ಕಳಿಸಲಿ. ಹಗಲಿರುಳು ದುಡಿದು ಬಳಲಿದ ಸೊಸೆಗೋ ಮಗಳಿಗೋ ವಾರದಲ್ಲಿ ಒಂದು ದಿನವಾದರೂ ವಿಶ್ರಾಂತಿ ಸಿಗಲಿ. ಮಕ್ಕಳು ಕೈಬಿಟ್ಟಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ ಮೇರೆಗೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಯಲ್ಲಿ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನೂ ಹಿಂದಕ್ಕೆ ಪಡೆಯಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ನೀವಾದರೋ ಆರೋಗ್ಯವಿರುವಾಗಲೇ ನಿಮ್ಮ ಇಚ್ಛೆಯನ್ನು ಬರೆದಿಡಿ. ಮನೆಯ ಹಿರಿಯರನ್ನು ಕರೆದು ಅವರ ಇಚ್ಛೆಯೇನೆಂದು ಕೇಳಿ. ಅವರು ‘ನಾನು ನಿಮಗೆ ಭಾರ’ ಎಂದರೆ ಅದನ್ನು ಬರೆದುಕೊಳ್ಳಬೇಡಿ, ಅದಕ್ಕೆ ನಿಮ್ಮ ನಡತೆಯಿಂದ ಉತ್ತರ ಕೊಡಿ.

ಓದಿದ ಮೇಲೆ ಈ ಪತ್ರವನ್ನು ನೆರೆಮನೆಗೆ ತಲಪಿಸಬೇಕೆಂದು ವಿಜ್ಞಾಪನೆ.