ನಡುನಡುವೆ ಕಳೆದುಹೋಗುವ ಕೂಸು: ಗುಳಿಗೆ ಶುರು ಮಾಡಬೇಕೇ?

ಹಾನಗಲ್ಲಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಗಳಿಗೆ ಏಳು ವರ್ಷ, ಎರಡನೇ ಇಯತ್ತೆ. ರೊಟ್ಟಿ ತಿನ್ನುತ್ತ ತಿನ್ನುತ್ತ ಕೈ ನಿಂತುಬಿಡುತ್ತದೆಯಂತೆ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ರೆಪ್ಪೆ ಸಣ್ಣಗೆ ಪಟಪಟ ಅನ್ನುತ್ತದೆ. ಹತ್ತು ಎಣಿಸುವುದರೊಳಗೆ ತುತ್ತು ಮತ್ತೆ ಬಾಯಿಗೆ ಹೋಗುತ್ತದೆ. ನಡುವೆ ಏನಾಯಿತೆಂದು ಅವಳಿಗೇ ಗೊತ್ತಿರುವುದಿಲ್ಲ. ಶಾಲೆಯ ಅಕ್ಕೋರು "ಲಕ್ಷ್ಯ ಇಲ್ಲ, ಕುಂತಲ್ಲೇ ಕನಸು ಕಾಣತಾಳ" ಅಂತ ಎರಡು ಸಲ ಹೇಳಿ ಕಳಿಸಿದ್ದಾರೆ. ಹುಬ್ಬಳ್ಳಿಯ ಡಾಕ್ಟರು ಇಇಜಿ ತೆಗೆಸಿ, ಇದೂ ಫಿಟ್ಸ್‌ನದೇ ಒಂದು ಬಗೆ, ಗುಳಿಗೆ ಶುರು ಮಾಡಿ ಎಂದಿದ್ದಾರೆ. ಅತ್ತೆಯವರು ಮಾತ್ರ "ಇಷ್ಟು ಸಣ್ಣ ಕೂಸಿಗೆ ಮಿದುಳಿನ ಗುಳಿಗಿ ಕೊಡತಿಯೇನ? ಬೆಳದಂಗ ತಾನ ಹೋಗತೈತಿ ಬಿಡವಾ" ಅಂದಿದ್ದಾರೆ. ಡಾಕ್ಟರ ಚೀಟಿ ಹದಿನೈದು ದಿನದಿಂದ ದೇವರ ಜಗಲಿಯ ಮೇಲೆ ಕೂತಿದೆ. "ನೀವಾದರೂ ಹೇಳಿ, ಕೊಡಲೋ ಬೇಡವೋ?" ಎಂದು ಕೇಳಿದ್ದಾರೆ.

ನಾನು ಡಾಕ್ಟರಲ್ಲ, ನಿಮ್ಮಂತೆಯೇ ಒಲೆ ಮುಂದೆ ನಿಲ್ಲುವವಳು. ಆದರೂ ಓದಿ ತಿಳಿದಷ್ಟರ ಮೇಲೆ ನೇರವಾಗಿ ಹೇಳುತ್ತೇನೆ: ಕಾಯಿಲೆ ಅದೇ ಎಂದು ಖಾತ್ರಿಯಾಗಿದ್ದರೆ ಕೊಡಿ. ಯಾವ ಗುಳಿಗೆ, ಯಾಕೆ ಎಂದು ಕೇಳಿಕೊಂಡು ಕೊಡಿ.

ಇದಕ್ಕೆ ಆಬ್ಸೆನ್ಸ್ ಸೀಝರ್ ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ, ಮಗು ಬೀಳುವುದೂ ಇಲ್ಲ. ಹಾಗಾಗಿಯೇ ಮಲರೋಗ ಎಂದರೆ ಬೇರೆಯದೇ ಚಿತ್ರ ಕಣ್ಣಿಗೆ ಕಟ್ಟುವ ನಮ್ಮ ಮನೆಗಳಲ್ಲಿ ಇದು ವರ್ಷಗಟ್ಟಲೆ ಲೆಕ್ಕಕ್ಕೇ ಬರುವುದಿಲ್ಲ. ಸುಮ್ಮನೆ ಕನಸು ಕಾಣುವ ಮಗುವಿನ ಭುಜ ಮುಟ್ಟಿ ಕರೆದರೆ ಹೊರಳಿ ನೋಡುತ್ತದೆ. ಈ ಮಗು ನೋಡುವುದಿಲ್ಲ. ಮಾತಿನ ನಡುವೆ, ತುತ್ತಿನ ನಡುವೆ, ಆಟದ ನಡುವೆಯೂ ನಿಂತುಬಿಡುತ್ತದೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಒಂದೆರಡು ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರಿಗೆ ನಿಮ್ಮ ಅರ್ಧ ತಾಸಿನ ವರ್ಣನೆಗಿಂತ ಅದು ಹೆಚ್ಚು ಉಪಯೋಗ. ಅವರು ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರು ಬಿಡಲು, ಕಾಗದದ ಗಿರಗಿಟ್ಲೆ ಊದಲು ಹೇಳಬಹುದು. ಹಾಗೆ ಊದಿದಾಗ ಎದುರಿಗೇ ಬಂದುಬಿಡುತ್ತದೆ. ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಇಇಜಿಗೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ. ನೋವಿಲ್ಲದ ಪರೀಕ್ಷೆ ಅದು. ಅದರಲ್ಲಿ ಸೆಕೆಂಡಿಗೆ ಮೂರರಂತೆ ಏಳುವ ಅಲೆಗಳು ಸ್ಪಷ್ಟವಾಗಿ ಕಂಡು, ಮಗು ಬೇರೆಲ್ಲ ರೀತಿಯಲ್ಲಿ ಸರಿಯಾಗಿದ್ದರೆ ಎಂಆರ್‌ಐ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಯಾರಾದರೂ ಬರೆದುಕೊಟ್ಟರೆ ಯಾಕೆ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನು ಅತ್ತೆಯವರ ಮಾತು. ಅದನ್ನು ತೆಗೆದುಹಾಕುವಂತಿಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ಇಂಥ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಹರೆಯಕ್ಕೆ ಬರುವಷ್ಟರಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಆದರೆ ಎಲ್ಲರಿಗೂ ನಿಲ್ಲುವುದಿಲ್ಲ. ಕೆಲವರಿಗೆ ಮುಂದೆ ದೊಡ್ಡ ಫಿಟ್ಸ್ ಕೂಡ ಬರುತ್ತದೆ. ಅದಕ್ಕಿಂತ ನನಗೆ ಮುಖ್ಯ ಅನಿಸುವುದು ಕಾಯುವ ಆ ನಾಲ್ಕೈದು ವರ್ಷಗಳ ಮಾತು. ದಿನಕ್ಕೆ ಇಪ್ಪತ್ತು, ಐವತ್ತು ಸಲ ಹತ್ತತ್ತು ಸೆಕೆಂಡು ಮಗು ಇಲ್ಲವಾಗುತ್ತದೆ. ಬೋರ್ಡಿನ ಮೇಲೆ ಕೈಯಲ್ಲಿ ಒಂದು ಹಿಡಿದು ಕೂಡಿಸುವ ಲೆಕ್ಕ ನಡೆದಿರುತ್ತದೆ, ಆ ಒಂದು ಎಲ್ಲಿಂದ ಬಂತೆಂದು ಅವಳಿಗೆ ಕೇಳಿಸಿಯೇ ಇಲ್ಲ. ಓದಿನಲ್ಲಿ ದಡ್ಡಿ ಎಂಬ ಹೆಸರು ಬರುತ್ತದೆ, ಆ ಹೆಸರು ಫಿಟ್ಸ್ ನಿಂತ ಮೇಲೂ ಹೋಗುವುದಿಲ್ಲ. ರಸ್ತೆ ದಾಟುವಾಗ, ಸೈಕಲ್ ಮೇಲೆ, ನೀರೊಲೆಯ ಹತ್ತಿರ, ಬಾವಿ ಕಟ್ಟೆಯ ಮೇಲೆ ಆ ಹತ್ತು ಸೆಕೆಂಡು ಬಂದರೆ? ಊರೂರಿಗೆ ಕೆರೆಯಿರುವ ಸೀಮೆ ನಮ್ಮದು.

ಬಿಸಿನೀರಿನ ಫಿಟ್ಸ್ ಜೊತೆ ಇದನ್ನು ಹೋಲಿಸುವವರಿದ್ದಾರೆ. "ನಮ್ಮ ಭಾವನ ಮಗನಿಗೆ ಎರೆಯುವ ನೀರು ತಣ್ಣಗ ಮಾಡಿದ್ದಕ್ಕ ಕಡಿಮಿ ಆತು, ಗುಳಿಗಿನೇ ಬೇಕಾಗಲಿಲ್ಲ" ಎನ್ನುತ್ತಾರೆ. ನಿಜ, ತಲೆಗೆ ಬಿಸಿನೀರು ಸುರಿದಾಗ ಬರುವ ಆ ಫಿಟ್ಸ್ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವಂಥದ್ದು. ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿಯೇ 279 ರೋಗಿಗಳ ವಿವರ ಪ್ರಕಟಿಸಿದ್ದರು. ಅಲ್ಲಿ ಕಾರಣ ಕೈಗೆ ಸಿಗುತ್ತದೆ, ನೀರಿನ ಬಿಸಿ ಇಳಿಸಿದರೆ ಕೆಲವರಿಗೆ ಸಾಕಾಗುತ್ತದೆ. ಆಬ್ಸೆನ್ಸ್‌ನಲ್ಲಿ ಹಾಗೆ ತೆಗೆದಿಡುವಂಥದ್ದು ಏನೂ ಇಲ್ಲ. ತಾಯಿತ ಕಟ್ಟಿಸುವವರು ಕಟ್ಟಿಸಲಿ, ಮಗುವಿನ ಅಜ್ಜಿಗೆ ಸಮಾಧಾನವಾದರೆ ನಮಗೇನು? ಗುಳಿಗೆಯ ಬದಲು ಅದು ಆಗದಿದ್ದರೆ ಸರಿ.

ಯಾವ ಗುಳಿಗೆ ಎನ್ನುವುದೇ ದೊಡ್ಡ ಮಾತು. ಫಿಟ್ಸ್ ಗುಳಿಗೆ ಎಂದರೆ ಎಲ್ಲ ಒಂದೇ ಎಂದುಕೊಂಡಿರುತ್ತೇವೆ. ದೊಡ್ಡ ಫಿಟ್ಸ್‌ಗೆ ಬಹಳ ಕಡೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್ ಆಬ್ಸೆನ್ಸ್‌ಗೆ ನಾಟುವುದಿಲ್ಲ, ಕೆಲವೊಮ್ಮೆ ಹೆಚ್ಚೇ ಮಾಡುತ್ತವೆ. ಆದ್ದರಿಂದ ಓಣಿಯಲ್ಲಿ ಯಾರೋ ತೆಗೆದುಕೊಳ್ಳುವ ಗುಳಿಗೆಯ ಹೆಸರು ಹೇಳಿ ಔಷಧಿ ಅಂಗಡಿಯಿಂದ ತರಿಸುವುದು ಬೇಡವೇ ಬೇಡ. ಇದಕ್ಕೆ ಮುಖ್ಯವಾಗಿ ಮೂರು ಔಷಧಿ: ಇಥೊಸಕ್ಸಿಮೈಡ್, ವಾಲ್ಪ್ರೊಯೇಟ್, ಲ್ಯಾಮೊಟ್ರಿಜಿನ್. ಅಮೆರಿಕದಲ್ಲಿ 453 ಮಕ್ಕಳಿಗೆ ಈ ಮೂರನ್ನೂ ಹಂಚಿ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹದಿನಾರು ವಾರದ ಹೊತ್ತಿಗೆ ಔಷಧಿ ಹಿಡಿಸಿ, ತ್ರಾಸಿಲ್ಲದೆ ಮುಂದುವರಿದವರು ಇಥೊಸಕ್ಸಿಮೈಡ್‌ನಲ್ಲಿ ನೂರಕ್ಕೆ 53, ವಾಲ್ಪ್ರೊಯೇಟ್‌ನಲ್ಲಿ 58, ಲ್ಯಾಮೊಟ್ರಿಜಿನ್‌ನಲ್ಲಿ 29. ಲಕ್ಷ್ಯ ಕೊಡಲು ಕಷ್ಟವಾದವರು ವಾಲ್ಪ್ರೊಯೇಟ್‌ನಲ್ಲಿ ನೂರಕ್ಕೆ 49, ಇಥೊಸಕ್ಸಿಮೈಡ್‌ನಲ್ಲಿ 33. ಹಾಗಾಗಿ ಬರೀ ಆಬ್ಸೆನ್ಸ್ ಇದ್ದ ಮಗುವಿಗೆ ಇಥೊಸಕ್ಸಿಮೈಡ್ ಮೊದಲ ಆಯ್ಕೆ ಎನ್ನುತ್ತಾರೆ. ಹೊಟ್ಟೆನೋವು, ವಾಂತಿ ಅದರ ಸಾಮಾನ್ಯ ತಕರಾರು, ಊಟದ ಜೊತೆ ಕೊಟ್ಟರೆ ಕಡಿಮೆ. ದೊಡ್ಡ ಫಿಟ್ಸ್ ತಡೆಯುವ ಶಕ್ತಿ ಅದಕ್ಕಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ತಪ್ಪದೆ ಸಿಗುತ್ತದೆಯೇ ಎಂದು ಶುರು ಮಾಡುವ ಮೊದಲೇ ವಿಚಾರಿಸಿ, ನಡುವೆ ಗುಳಿಗೆ ತಪ್ಪಬಾರದು.

ಹೆಣ್ಣುಮಗುವಿಗೆ ವಾಲ್ಪ್ರೊಯೇಟ್ ಬರೆದಿದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಗರ್ಭಿಣಿಯರು ಅದನ್ನು ತೆಗೆದುಕೊಂಡರೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗದೋಷ, ಮೂರ್ನಾಲ್ಕಕ್ಕೆ ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಎಂದು ಗೊತ್ತಾಗಿ, 2018ರಲ್ಲಿ ಬ್ರಿಟನ್ನು ಅದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿತು. ಏಳು ವರ್ಷದವಳಿಗೆ ಇದು ನಾಳಿನ ಚಿಂತೆಯಲ್ಲ. "ಇವಳು ದೊಡ್ಡವಳಾಗುವ ಹೊತ್ತಿಗೂ ಗುಳಿಗೆ ಬೇಕೆನಿಸಿದರೆ ಆಗ ಬದಲಿಸುತ್ತೀರಾ?" ಎಂದು ಈಗಲೇ ಕೇಳಿಡಿ. ಮೈ ಬರುವುದು, ಕೂದಲು ಉದುರುವುದು ಉಂಟು. ಬಿಟ್ಟೂ ಬಿಡದ ವಾಂತಿ, ಮಂಕು, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲ್ಯಾಮೊಟ್ರಿಜಿನ್ ಆದರೆ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮೈಮೇಲೆ ಗುಳ್ಳೆ, ಕೆಂಪು ದದ್ದು ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಇದನ್ನೆಲ್ಲ ಓದಿ ಹೆದರಿ, ಈಗಾಗಲೇ ಕೊಡುತ್ತಿರುವವರು ತಟ್ಟನೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗಲೇ ದೊಡ್ಡ ಫಿಟ್ಸ್ ಬರುವ ಭಯ.

"ಎಷ್ಟು ವರ್ಷ?" ಎಂಬ ಪ್ರಶ್ನೆಗೆ, ಸಾಮಾನ್ಯವಾಗಿ ಎರಡು ವರ್ಷ ಒಂದೂ ಬರದಿದ್ದರೆ ನಿಧಾನವಾಗಿ ಇಳಿಸಿ ನೋಡುತ್ತಾರೆ. ಹುಟ್ಟಾ ಜೀವಮಾನದ ಗುಳಿಗೆಯಲ್ಲ ಇದು.

ಪತ್ರದ ಕೊನೆಯ ಸಾಲಿನಲ್ಲಿ "ನಾಳೆ ಮದುವೆಗೆ ಅಡ್ಡಿ ಆದರೆ?" ಎಂದೂ ಇದೆ. ನೆಂಟರ ಕಿವಿಗೆ ಬೀಳುತ್ತದೆಂದೇ ಎಷ್ಟೋ ಮನೆಯಲ್ಲಿ ಗುಳಿಗೆ ಶುರುವಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದು ಬರೆದಿದ್ದ ಅಪಸ್ಮಾರ ಎಂಬ ಪದವನ್ನೇ 1999ರಲ್ಲಿ ತೆಗೆದುಹಾಕಿದ್ದಾರೆ. ಧಾರವಾಡದ ಡಿಮ್ಹಾನ್ಸ್ ಎಂದರೆ ಹುಚ್ಚಾಸ್ಪತ್ರೆ ಎಂದು ಮುಖ ಮುಚ್ಚಿಕೊಳ್ಳುವವರಿಗೂ ಒಂದು ಮಾತು: ಅದರ ಹೆಸರಿನಲ್ಲೇ ಮಾನಸಿಕ ಆರೋಗ್ಯದ ಜೊತೆ ನರವಿಜ್ಞಾನವೂ ಇದೆ. ಹಾನಗಲ್, ಶಿಗ್ಗಾವಿ, ಸವಣೂರಿನವರಿಗೆ ಹುಬ್ಬಳ್ಳಿಯ ಸರಕಾರಿ ದೊಡ್ಡಾಸ್ಪತ್ರೆ, ನಮ್ಮ ಬಾಯಲ್ಲಿ ಇನ್ನೂ ಕೆಎಂಸಿ, ಬಸ್ಸಿನ ದಾರಿಯಲ್ಲೇ ಇದೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಹತ್ತಿರವಾಗಬಹುದು. ಖಾತ್ರಿಯಾಗದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಅದಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಡಿ.

ಶಾಲೆಯ ಅಕ್ಕೋರಿಗೆ ಮುಚ್ಚಿಡಬೇಡಿ. ಬೈಯದೆ, ಮುಂದಿನ ಬೆಂಚಿನಲ್ಲಿ ಕೂಡಿಸಿ, ನಿಂತುಹೋದಾಗ ತಪ್ಪಿಸಿಕೊಂಡ ಮಾತನ್ನು ಇನ್ನೊಮ್ಮೆ ಹೇಳಲು ಕೇಳಿಕೊಳ್ಳಿ. ದಿನಕ್ಕೆ ಎಷ್ಟು ಸಲ ಆಯಿತೆಂದು ಕ್ಯಾಲೆಂಡರಿನ ಮೇಲೆ ಗೀಟು ಹಾಕಿಡಲಿ, ಮನೆಯಲ್ಲಿ ನೀವೂ ಹಾಕಿ. ಮುಂದಿನ ಸಲ ಡಾಕ್ಟರು ಡೋಸು ಏರಿಸುವುದೋ ಇಳಿಸುವುದೋ ಎಂದು ನೋಡುವಾಗ ಆ ಗೀಟುಗಳನ್ನೇ ಕೇಳುತ್ತಾರೆ.