ಹಿನ್ನೀರಿನ ಹತ್ರ ಸ್ಪೀಕರ್ ಬೇಡ ಮಾರಾಯ

ಏಪ್ರಿಲ್‌ನ ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಮನೆ ಬಿಟ್ಟೆ. ಓಲ್ಡ್ ಟೌನ್‌ನ ಲಕ್ಷ್ಮೀನರಸಿಂಹ ದೇವಸ್ಥಾನದ ಹತ್ರ ಚಿಕ್ಕಪ್ಪನ ಮಗ ಕಾಯ್ತಾ ನಿಂತಿದ್ದ. ನೀರಿನ ಬಾಟಲಿ ಇಲ್ಲ, ಟೋಪಿ ಇಲ್ಲ, ಕೈಯಲ್ಲಿ ಇದ್ದದ್ದು ದೊಡ್ಡದೊಂದು ಬ್ಲೂಟೂತ್ ಸ್ಪೀಕರ್. "ಡ್ಯಾಮ್ ಹತ್ರ ರೀಲ್ಸ್ ಮಾಡೋಣ ಅಣ್ಣ" ಅಂದ.

ಭದ್ರಾವತಿಯವರಿಗೆ ಈ ದಾರಿ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ: ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ದಾಟಿದರೆ ಬಿ.ಆರ್. ಪ್ರಾಜೆಕ್ಟ್, ಅಂದ್ರೆ ಭದ್ರಾ ಅಣೆಕಟ್ಟು. ಅಲ್ಲಿಂದ ಮುಂದೆ ಲಕ್ಕವಳ್ಳಿ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕಾಡು. ನಮ್ಮ ಊರಿನ ಸೇತುವೆ ಕೆಳಗೆ ಹರಿಯೋ ಹೊಳೆ ಇಲ್ಲಿಂದಲೇ ಬರೋದು.

ಮಳೆಗಾಲ ಮುಗಿದ ಮೇಲೆ ಬಂದರೆ ನೀರು ತುಂಬಿರುತ್ತೆ. ಜಲಾಶಯದ ಪೂರ್ಣ ಮಟ್ಟ 186 ಅಡಿ. ಆದರೆ ನನಗೆ ಇಷ್ಟ ಬೇಸಿಗೆ. ಕಾಲುವೆಗಳಿಗೆ ನೀರು ಬಿಟ್ಟ ಹಾಗೆ ಮಟ್ಟ ಇಳಿಯುತ್ತೆ, ಮುಳುಗಿದ್ದ ದಿಬ್ಬಗಳು ದ್ವೀಪಗಳಾಗಿ ಮೇಲೆ ಬರ್ತವೆ. ಆಗ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಸೇರ್ತವೆ. ಕಪ್ಪು ಟೋಪಿ ಹಾಕಿದಂಥ ತಲೆ, ಹಳದಿ ಕೊಕ್ಕು, ಕವಲು ಬಾಲ. ಲಕ್ಕವಳ್ಳಿಯ ಜಂಗಲ್ ಲಾಡ್ಜಸ್‌ಗೆ ಹೆಸರು ಕೊಟ್ಟಿದ್ದೂ ಇದೇ ಹಕ್ಕಿ.

ಇವು ಮರದ ಮೇಲೆ ಗೂಡು ಕಟ್ಟಲ್ಲ. ಬರೀ ನೆಲದಲ್ಲಿ, ಕಲ್ಲುಗಳ ನಡುವೆ ಮೊಟ್ಟೆ ಇಡ್ತವೆ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಗೊತ್ತಾಗಲ್ಲ. ಯಾರಾದರೂ ಹತ್ರ ಹೋದರೆ, ಜೋರು ಸದ್ದು ಮಾಡಿದರೆ, ತಾಯಿ ಹಕ್ಕಿ ಎದ್ದು ಹಾರುತ್ತೆ. ಏಪ್ರಿಲ್ ಬಿಸಿಲಲ್ಲಿ ಮೊಟ್ಟೆ ನೆರಳಿಲ್ಲದೆ ಬೇಯುತ್ತೆ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ದ್ವೀಪ ಎಷ್ಟು ದೂರ ಇದೆ, ನಾವು ದಡದಲ್ಲಿ ತಾನೇ ಇರೋದು" ಅಂತ ನಕ್ಕ.

ಲಕ್ಕವಳ್ಳಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಸ್ಪೀಕರ್ ಆನ್ ಮಾಡಿಯೂ ಬಿಟ್ಟ. ಪಕ್ಕದ ಬೆಂಚಿನಲ್ಲಿದ್ದ ಅಜ್ಜ ಬೈಯಲಿಲ್ಲ. "ಯಾವೂರಪ್ಪ ನಿಮ್ದು?" ಅಂತ ಕೇಳಿದರು. ಹೇಳಿದ್ವಿ. "ನಿಮ್ದು ಅಜ್ಜ?" ಅಂದೆ. ಕಾಡಿನ ಕಡೆ ಕೈ ತೋರಿಸಿದರು. "ಆ ಗುಡ್ಡದ ಆಚೆ ಇತ್ತು. ಈಗ ಊರಿಲ್ಲ, ಕಾಡೇ."

ತಮ್ಮ ಸ್ಪೀಕರ್ ಆಫ್ ಮಾಡಿದ.

ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಒಳಗಿದ್ದ ಹಳ್ಳಿಗಳ ಸುಮಾರು 400 ಕುಟುಂಬಗಳು ಹೊರಗೆ ಬಂದವು, ಹೆಚ್ಚಿನವು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿ ಅಂತ ಇದರ ಉದಾಹರಣೆ ಕೊಡ್ತಾರೆ. ಅಜ್ಜನೂ ದೂರಲಿಲ್ಲ. ಆನೆ ಬೆಳೆ ತಿಂತಿತ್ತು, ಮಳೆಗಾಲದಲ್ಲಿ ಆಸ್ಪತ್ರೆಗೆ ದಾರಿ ಇರಲಿಲ್ಲ, ಇಲ್ಲಿ ಮಕ್ಕಳು ಓದಿದರು ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮನೆ ಮುಂದೆ ಹಲಸಿನ ಮರ ಇತ್ತು. ಈಗ ಮಂಗ, ಆನೆ ತಿಂತಿರಬೇಕು, ತಿನ್ಲಿ ಬಿಡು" ಅಂದರು.

ವೀಕೆಂಡ್‌ನಲ್ಲಿ ಬಂದು "ವಾವ್, ಎಷ್ಟು ಶಾಂತವಾಗಿದೆ" ಅಂತೀವಲ್ಲ, ಅದು ಮೊದಲಿಂದ ಹೀಗೇ ಇದ್ದ ಶಾಂತಿ ಅಲ್ಲ. ಯಾರೋ ಒಲೆ ಆರಿಸಿ, ದನ ಹೊಡೆದುಕೊಂಡು, ಮನೆ ಖಾಲಿ ಮಾಡಿ ಕೊಟ್ಟಿದ್ದು. ಅವರು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಎರಡು ಗಂಟೆ ಹಾಡು ಹಾಕದೆ ಇರೋಕೆ ಆಗಲ್ವಾ?

ಹಾಗಂತ ಹೋಗಬೇಡಿ ಅಂತಿಲ್ಲ, ಖಂಡಿತ ಹೋಗಿ. ಬೈನಾಕ್ಯುಲರ್ ಇದ್ದರೆ ತಗೊಳ್ಳಿ. ಹಕ್ಕಿ ನೋಡಬೇಕಂದ್ರೆ ಅಧಿಕೃತ ಬೋಟ್ ಸಫಾರಿ ಇದೆ, ತೆಪ್ಪದವರಿಗೆ ದುಡ್ಡು ಕೊಟ್ಟು ದ್ವೀಪಕ್ಕೆ ಇಳಿಯೋದು ಬೇಡ. ಕಾಡಿನ ದಾರಿಯಲ್ಲಿ ಕಾರು ನಿಲ್ಲಿಸಿ ಕೆಳಗಿಳಿಯಬೇಡಿ, ಮಂಗಗಳಿಗೆ ಚಿಪ್ಸ್ ಹಾಕಬೇಡಿ. ಹಿನ್ನೀರಲ್ಲಿ ಈಜೋಕಂತೂ ಇಳಿಯಲೇಬೇಡಿ, ಆಳ ಎಲ್ಲಿ ಶುರುವಾಗುತ್ತೆ ಅಂತ ದಡದಿಂದ ಗೊತ್ತಾಗಲ್ಲ. ತಿಂದ ಕವರ್ ವಾಪಸ್ ಊರಿಗೇ ತನ್ನಿ.

ವಾಪಸ್ ಬರುವಾಗ ಕಿಟಕಿ ಗಾಜು ಇಳಿಸಿದ್ವಿ. ಸ್ಪೀಕರ್ ಡಿಕ್ಕಿಯಲ್ಲಿತ್ತು. ಶಂಕರಘಟ್ಟದ ತನಕ ತಮ್ಮ ಮಾತಾಡಲಿಲ್ಲ. ಆಮೇಲೆ ಕೇಳಿದ: "ಅಣ್ಣ, ಆ ಅಜ್ಜನ ಊರಿನ ಹೆಸರೇ ಕೇಳಲಿಲ್ಲ ನಾವು."

ಮುಂದಿನ ಸಲ ಹೋದಾಗ ಕೇಳಬೇಕು.