ಬೂಟ್ ಫ್ಲಾಪಿಗೂ ಒಂದು ಸಾಲು ಬೇಕು

ನಿರುಪಯುಕ್ತ ಗಣಕಯಂತ್ರಗಳನ್ನು ಹರಾಜು ಹಾಕುವ ಸರ್ಕಾರಿ ಕಡತಗಳನ್ನು ನಾನು ಸೇವಾವಧಿಯಲ್ಲಿ ಅನೇಕ ಬಾರಿ ನೋಡಿದ್ದೇನೆ. ಪಟ್ಟಿಯಲ್ಲಿ ಮಾನಿಟರ್, ಕೀಲಿಮಣೆ, ಯುಪಿಎಸ್ ಪ್ರತಿಯೊಂದಕ್ಕೂ ಒಂದು ಸಾಲು. ಖರೀದಿ ಬೆಲೆ, ಸವಕಳಿ, ಉಳಿದ ಮೌಲ್ಯ ಎಲ್ಲವೂ ನಮೂದಾಗಿರುತ್ತವೆ. ಆ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂ ಅಳವಡಿಸಲು ಬಂದಿದ್ದ ಬೂಟ್ ಫ್ಲಾಪಿ, ಸಿ.ಡಿ., ಅದರ ಹೊದಿಕೆಯ ಮೇಲಿನ ಪರವಾನಗಿ ಸಂಖ್ಯೆ ಮಾತ್ರ ಯಾವ ಪಟ್ಟಿಗೂ ಸೇರುವುದಿಲ್ಲ. ಅವು ಮೇಜಿನ ಖಾನೆಯಿಂದ ನೇರವಾಗಿ ಕಸದ ಬುಟ್ಟಿಗೆ ಹೋಗುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಯಂತ್ರ ಸವೆಯುತ್ತದೆ, ನಿಜ. ಆದರೆ ಅದರಲ್ಲಿ ಬರೆದಿಟ್ಟ ದಾಖಲೆಯನ್ನು ಮತ್ತೆ ತೆರೆಯುವ ಸಾಧನದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ.

ಹಳೆಯ ವ್ಯವಸ್ಥೆಯನ್ನು ಮರಳಿ ಅಳವಡಿಸುವುದು ಹುಡುಗಾಟವಲ್ಲ. 1.44 ಮೆಗಾಬೈಟ್‌ನ ಆ ಫ್ಲಾಪಿ ಮೊದಲು ಡಾಸ್ ಅನ್ನು ಎಬ್ಬಿಸಬೇಕು. ವಿಂಡೋಸ್ 98ರ ಫ್ಲಾಪಿಯಾದರೆ ಸಿ.ಡಿ. ಓದಲು ಬೇಕಾದ ತಂತ್ರಾಂಶವನ್ನೂ ಜೊತೆಗೆ ತರುತ್ತದೆ. ಯಂತ್ರದ ಸ್ಮೃತಿಯಲ್ಲೇ ಒಂದು ತಾತ್ಕಾಲಿಕ ಡಿಸ್ಕನ್ನು ಸೃಷ್ಟಿಸುತ್ತದೆ. ಇದರಿಂದ ಸಿ.ಡಿ.ಯ ಅಕ್ಷರ ಒಂದು ಸ್ಥಾನ ಮುಂದಕ್ಕೆ ಸರಿಯುತ್ತದೆ. ‘ಡಿ’ಯಲ್ಲಿ ಹುಡುಕಿ ಕಂಗೆಟ್ಟವರು, ಅದು ‘ಇ’ಯಲ್ಲಿರುವುದನ್ನು ಕಂಡು ನಿಟ್ಟುಸಿರು ಬಿಟ್ಟವರು ಅಂದು ಎಲ್ಲ ಕಚೇರಿಗಳಲ್ಲೂ ಇದ್ದರು! ವಿಂಡೋಸ್ 95ರ ಸ್ವಂತ ಬೂಟ್ ಫ್ಲಾಪಿಗೆ ಸಾಮಾನ್ಯವಾಗಿ ಸಿ.ಡಿ. ಕಾಣಿಸುತ್ತಿರಲಿಲ್ಲ. ಹಾಗಾಗಿ 95 ಹಾಕಲು 98ರ ಫ್ಲಾಪಿ ಬಳಸುವ ಜಾಣತನ ಬೆಳೆಯಿತು. ಆದರೆ 95ರ ಮೊದಲ ಆವೃತ್ತಿಗೆ ಫ್ಯಾಟ್32 ಅರ್ಥವಾಗದು. ಎಫ್‌ಡಿಸ್ಕ್ ದೊಡ್ಡ ಡಿಸ್ಕಿನ ಬೆಂಬಲ ಬೇಕೇ ಎಂದು ಕೇಳಿದಾಗ ಬೇಡವೆನ್ನಬೇಕು. ಇಂಥ ತಿಳಿವಳಿಕೆಯ ಬಹುಪಾಲು ನಿವೃತ್ತರ ನೆನಪಿನಲ್ಲಿದೆ.

ಇದೆಲ್ಲ ಇಂದೇಕೆ? ನಮ್ಮ ಕನ್ನಡ ದಾಖಲೆಗಳಿಗಾಗಿ. ಡಾಸ್ ಕಾಲದಲ್ಲಿ ಕನ್ನಡ ಮೂಡಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಬೇಕಿತ್ತು. ಅದು ಕೂರುವ ಸ್ಲಾಟೇ ಈಗಿನ ಯಂತ್ರಗಳಲ್ಲಿಲ್ಲ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದಕ್ಕೂ ಹಿಂದೆ, ನಮ್ಮ ಕಚೇರಿಗಳಲ್ಲಿ ಅನಂತರವೂ ಬಹುಕಾಲ, ಟೈಪಿಸಿದ್ದೆಲ್ಲ ಆಯಾ ಫಾಂಟಿನ ಗುಟ್ಟಿನ ಸಂಕೇತಗಳಲ್ಲಿದೆ. ನುಡಿಯ ಹಳೆಯ ಪಠ್ಯಕ್ಕೆ ಪರಿವರ್ತಕಗಳುಂಟು. ಆದರೆ ಹಳೆಯ ವ್ಯವಸ್ಥೆಯ ಮೇಲೆ ಮಾತ್ರ ಓಡುವ ತಂತ್ರಾಂಶದೊಳಗಿನ ವೇತನ ಪಟ್ಟಿ, ಫಲಾನುಭವಿಗಳ ಪಟ್ಟಿಗಳಿಗೆ ಆ ವ್ಯವಸ್ಥೆಯೇ ಬೇಕು. ಇತ್ತೀಚಿನ ಅನೇಕ ಯಂತ್ರಗಳು ಹಳೆಯ ಬಯಾಸ್ ಪದ್ಧತಿಯನ್ನು ಕೈಬಿಟ್ಟಿರುವುದರಿಂದ ಈ ಫ್ಲಾಪಿಗಳಿಂದ ಏಳುವುದೇ ಇಲ್ಲ. ಹೊಸ ಯಂತ್ರದೊಳಗೆ ಹಳೆಯದರ ಅನುಕರಣೆ ಸಾಧ್ಯವೆಂದು ತಂತ್ರಜ್ಞರು ಸಮಾಧಾನ ಹೇಳುತ್ತಾರೆ. ಅನುಕರಣೆಗೂ ಅದೇ ಫ್ಲಾಪಿಯ, ಅದೇ ಸಿ.ಡಿ.ಯ ಪ್ರತಿ ಬೇಕಲ್ಲವೇ?

ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಗಣಕದಲ್ಲಿ ಸಿದ್ಧವಾದ ಸಾಮಗ್ರಿಯನ್ನೂ ದಾಖಲೆಯೆಂದೇ ಪರಿಗಣಿಸಿದೆ. ಓದಲಾಗದ ದಾಖಲೆಯನ್ನು ಕಪಾಟಿನಲ್ಲಿಟ್ಟು ಸಂರಕ್ಷಿಸಿದ್ದೇವೆ ಎನ್ನುವುದು ಆ ಕಾಯ್ದೆಯ ಆಶಯವಾಗಿರಲಾರದು. ಅಮೆರಿಕದ ಅಣ್ವಸ್ತ್ರ ಪಡೆಯೇ ಎಂಟು ಇಂಚಿನ ಫ್ಲಾಪಿಯನ್ನು 2019ರವರೆಗೆ ಬಳಸಿ, ಪರ್ಯಾಯ ಸಿದ್ಧವಾದ ಮೇಲೆ ಕೈಬಿಟ್ಟಿತು.

ದೊಡ್ಡ ಯೋಜನೆಯನ್ನೇನೂ ನಾನು ಕೇಳುತ್ತಿಲ್ಲ. ಹರಾಜಿನ ನಮೂನೆಯಲ್ಲಿ ಒಂದು ಸಾಲು ಹೆಚ್ಚಲಿ: ಈ ಯಂತ್ರದ ಬೂಟ್ ಫ್ಲಾಪಿ, ಅನುಸ್ಥಾಪನೆಯ ಸಿ.ಡಿ., ಪರವಾನಗಿ ಸಂಖ್ಯೆಗಳ ಪ್ರತಿ ತೆಗೆದು ರಾಜ್ಯ ಪತ್ರಾಗಾರಕ್ಕೆ ಕಳುಹಿಸಲಾಗಿದೆಯೇ? ಪತ್ರಾಗಾರದಲ್ಲಿ ಫ್ಲಾಪಿ ಡ್ರೈವ್ ಇರುವ ನಾಲ್ಕಾರು ಯಂತ್ರಗಳು ಸುಸ್ಥಿತಿಯಲ್ಲಿರಲಿ. ಅವುಗಳನ್ನು ನಡೆಸಬಲ್ಲ ನಿವೃತ್ತ ತಂತ್ರಜ್ಞರಿಗೆ ಗೌರವಧನ ಕೊಟ್ಟು ವಿಧಾನವನ್ನು ಕನ್ನಡದಲ್ಲಿ ಬರೆಸಿಡಲಿ. ಫ್ಲಾಪಿಯ ಮೇಲಿನ ಕಾಂತೀಯ ಲೇಪ ಹೆಚ್ಚು ಕಾಲ ಕಾಯುವುದಿಲ್ಲ.